ಹದಿನಾಲ್ಕು ಗುಳಿ

ಉಸಿರಿನ ಸಭೆ ಎರಡನೇ ಮಾಳಿಗೆಯಲ್ಲಿ,
ಲಿಫ್ಟು ಆವತ್ತೇ ಕೆಟ್ಟಿತ್ತು ಮಾರಾಯ್ರೆ.
ಇವರು ಮೂರು ಕಡೆ ನಿಂತರು. ನಿಂತಲ್ಲೆಲ್ಲ
ಗೋಡೆಯ ಪಟ ನೋಡುವವರ ಹಾಗೆ ನಟಿಸಿದರು:
ಕೈ ತೊಳೆಯುವ ಕ್ರಮ, ಬಿಲ್ಲಿನ ಕೌಂಟರಿಗೆ ದಾರಿ,
ಮತ್ತೆ ಗುಲಾಬಿ ಬಣ್ಣದ ಎರಡು ಶ್ವಾಸಕೋಶ,
ಹಂಚಿನ ಹುಡಿಯನ್ನೇ ಕಾಣದ ಯಾರದ್ದೋ.

ಜೆಪ್ಪಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಮಣ್ಣು ಒತ್ತಿ, ಒಣಗಿಸಿ, ಗೂಡಿಗೆ ಪೇರಿಸಿದ ಐತಪ್ಪ ಇವರು.
ಈಗ ಅಂಗಿಯ ಒಂದು ಬಟನಿಗೆ ಒಂದು ವಿಶ್ರಾಂತಿ.

ಒಳಗೆ ಹನ್ನೊಂದು ಜನ.
ಗೇರುಬೀಜ ಹುರಿದ ಹೊಗೆಯ ದೇಯಿ,
ಬೆಂಗ್ರೆಯಿಂದ ಫೆರಿ ಹತ್ತಿ ಬಂದ ಜಲಜ,
ಬೆರಳು ಈಗಲೂ ಗಾಳಿಯಲ್ಲಿ ಬೀಡಿ ಸುತ್ತುತ್ತಿದ್ದ ಅವ್ವಮ್ಮ,
ಅವಳ ಸಿಲಿಂಡರ್ ಹೊತ್ತ ಮೊಮ್ಮಗ ಇರ್ಶಾದ್.
ಡಾಕ್ಟರ್ ಸುಪ್ರಭಾ ಅಂದರು: ಮುಂದಿನ ಮೂರು ವರ್ಷ
ನಾವು ಏನನ್ನು ಹುಡುಕಬೇಕು, ನೀವೇ ಹೇಳಬೇಕು.
ಯಾರೂ ಮಾತಾಡಲಿಲ್ಲ.
ನಾಲಗೆ ಚಾಚಿ ಅಂದಿದ್ದರೆ ಎಲ್ಲರೂ ಚಾಚುತ್ತಿದ್ದೆವು.

ಮತ್ತೆ ಜಲಜ ಬಾಯಿ ಬಿಟ್ಟಳು:
ಈ ಮೆಟ್ಟಿಲು ಕಟ್ಟಿದವನಿಗೆ ಎದೆ ಉಂಟಾ,
ಅದನ್ನು ಮೊದಲು ಹುಡುಕಿ.
ನಗು. ನಗುವಿನ ಬೆನ್ನಿಗೇ ಕೆಮ್ಮು,
ಒಬ್ಬರಿಂದೊಬ್ಬರಿಗೆ, ದೀಪದಿಂದ ದೀಪ ಹಚ್ಚಿದ ಹಾಗೆ.
ಆಮೇಲೆ ಪ್ರಶ್ನೆಗಳು ನಿಲ್ಲಲಿಲ್ಲ.

ಮೀನು ಹುರಿಯುವಾಗ ಹೊರಗೆ ಕೂರಬೇಕಾ, ಎಷ್ಟು ಹೊತ್ತು?
ಪಂಪು ಸರಿಯಾಗಿ ಎಳೆದೆನಾ ಅಂತ ನೋಡುವವರು ಯಾರು?
ಕರೆಂಟು ಹೋದರೆ ಯಂತ್ರ ನಿಲ್ಲುತ್ತದೆ, ನಾವು?
ನಮಾಜಿಗೆ ಬಾಗಿದರೆ ಏಳಲಿಕ್ಕಾಗುವುದಿಲ್ಲ, ಅಂದಳು ಅವ್ವಮ್ಮ,
ಕುರ್ಚಿಯಲ್ಲಿ ಕೂತರೆ ದೇವರು ಒಪ್ಪಿಯಾನು,
ನನ್ನ ಮನಸ್ಸು ಒಪ್ಪುವುದಿಲ್ಲ. ಇದಕ್ಕೂ ಸಂಶೋಧನೆ ಉಂಟಾ?
ಡಾಕ್ಟರ್ ಬರೆದುಕೊಂಡರು. ಕತ್ತರಿಸದೆ, ಅವಳ ಮಾತಲ್ಲೇ.

ನಾನು ಕೇಳಿದ್ದು ಸಣ್ಣದು, ಕೇಳಿದ ಮೇಲೆ ನಾಚಿಕೆಯಾಯಿತು:
ನೋಡಿಕೊಳ್ಳುವವಳು ಯಾವಾಗ ಮಲಗಬೇಕು?

ಹದಿನಾಲ್ಕಾಯಿತು. ಆರಿಸಲಿಕ್ಕೆ ಕೊಟ್ಟ ಬಣ್ಣದ ಚುಕ್ಕೆಗಳು
ಸೆಕೆಗೆ ಅಂಟದೆ ಉದುರಿದವು.
ಆಯಾ ಪದ್ದು ಮಕ್ಕಳ ವಾರ್ಡಿಗೆ ಓಡಿ ಚೆನ್ನೆಮಣೆ ತಂದಳು.
ಗುಳಿಗೊಂದು ಪ್ರಶ್ನೆ, ತಲೆಗೆ ನಾಲ್ಕು ಮಂಜೊಟ್ಟಿ.
ಆಟಿ ತಿಂಗಳಲ್ಲದೆ ಮಣೆ ಇಡಬಾರದು, ಅಂದಳು ದೇಯಿ.
ಅಂದವಳೇ ಮೊದಲು ಕೈ ಹಾಕಿದಳು.

ಕರೆಂಟಿನ ಗುಳಿ ತುಂಬಿ ಚೆಲ್ಲಿತು.
ಡಾಕ್ಟರರು ಮೊದಲೇ ಅಚ್ಚು ಮಾಡಿಸಿ ತಂದ ಪ್ರಶ್ನೆ, ಹೊಸ ಮದ್ದಿನದು,
ಅದರಲ್ಲಿ ಒಂದೇ ಕಾಳು.
ಅದನ್ನೂ ಇರ್ಶಾದ್ ದಾಕ್ಷಿಣ್ಯಕ್ಕೆ ಹಾಕಿದ್ದು.
ಅವರು ಸ್ವಲ್ಪ ಹೊತ್ತು ಆ ಕಾಳನ್ನೇ ನೋಡಿ
ಪಟ್ಟಿಯ ಕೊನೆಗೆ ತಮ್ಮದನ್ನು ತಾವೇ ಬರೆದರು.

ನನ್ನ ಗುಳಿಯಲ್ಲಿ ಐದು. ಒಂದು ನಾನೇ ಹಾಕಿದ್ದು,
ಯಾರೂ ನೋಡದ ಹಾಗೆ.
ಉಳಿದ ನಾಲ್ಕು?
ಇವರು ಕಿಟಕಿಯಾಚೆ ನೋಡುತ್ತಿದ್ದರು, ಮುಷ್ಟಿ ಖಾಲಿ.
ಎಷ್ಟೋ ವರ್ಷದಿಂದ ರಾತ್ರಿ ಗೋಡೆಗೆ ಮುಖ ಮಾಡಿ
ನಿದ್ದೆ ಬಂದವಳ ಹಾಗೆ ಇವರ ಉಸಿರು ಎಣಿಸಿದ್ದೆ.
ಎಚ್ಚರದ ಉಸಿರೇ ಬೇರೆ ಅಂತ
ಇವರಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು.

ಉತ್ತರಕ್ಕೆ ಐದು ವರ್ಷವೂ ಹಿಡಿದೀತು, ಅಂದರು ಡಾಕ್ಟರ್.
ಅಷ್ಟು ಯಾರ ಹತ್ತಿರ ಉಂಟು, ಅಂದಳು ಜಲಜ.
ಫ್ಯಾನಿನ ಸದ್ದು.
ಆಗ ಇವರು, ಬೆಳಗಿನಿಂದ ತುಟಿ ಬಿಚ್ಚದವರು,
ಒಂದು ಮಾತನ್ನು ಎರಡು ಕಡೆ ಮುರಿದು ಹೇಳಿದರು:
ನಾವು ಸುಟ್ಟ ಹಂಚು
ನಮ್ಮ ಮಾಡಿಗೆ
ಹೋಗಿತ್ತಾ?

ಇಳಿಯುವಾಗಲೂ ಮೂರು ಕಡೆ ನಿಂತೆವು.
ಈ ಸಲ ಪಟ ನೋಡಲಿಲ್ಲ.
ಉಸಿರಿಗೆ ನಿಂತವರ ಹಾಗೆಯೇ ನಿಂತೆವು,
ಹಿಂದಿನವರು ದಾಟಿ ಹೋಗಲಿ ಎಂದು
ಗೋಡೆಗೆ ಒರಗಿ.